ತೂಕದ ಮಾತು ತೆಗೆಯುವ ಮುನ್ನ: ಕರಾವಳಿಯ ವೈದ್ಯರಿಗೆ ಒಂದು ಬಹಿರಂಗ ಪತ್ರ

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ವೈದ್ಯರಿಗೆ, ಇಲ್ಲಿನ ವೈದ್ಯಕೀಯ ಕಾಲೇಜುಗಳ ಮುಖ್ಯಸ್ಥರಿಗೆ ಮತ್ತು ಎರಡೂ ಜಿಲ್ಲೆಗಳ ಆರೋಗ್ಯಾಧಿಕಾರಿಗಳಿಗೆ,

ಮಾನ್ಯರೇ,

ಮಂಗಳೂರಿನ ಆಸ್ಪತ್ರೆಗಳ ಹೊರರೋಗಿ ವಿಭಾಗಗಳಲ್ಲಿ ಸೇವೆಯ ಬಹುಭಾಗವನ್ನು ಕಳೆದು, ಈಗ ಉಡುಪಿಯ ಹತ್ತಿರದ ನನ್ನ ಊರಿನಲ್ಲಿ ನೆಲೆಸಿರುವ ನಿವೃತ್ತ ಶುಶ್ರೂಷಕಿ ನಾನು. ವೈದ್ಯರ ಮೇಜಿನ ಪಕ್ಕದಲ್ಲಿ ನಿಂತು ಅವರ ಮಾತು ಕೇಳಿದ್ದೇನೆ. ಅದೇ ಮಾತು ಕೇಳಿ ಹೊರಗೆ ಬಂದು ಬೆಂಚಿನ ಮೇಲೆ ಕುಳಿತವರ ಮಾತನ್ನೂ ಕೇಳಿದ್ದೇನೆ. ಒಳಗೆ ಹಿತವಚನವೆಂದು ಹೇಳಿದ್ದು ಹೊರಗೆ ಅವಮಾನವಾಗಿ ತಲುಪಿದ್ದನ್ನು ನಾನು ಅತಿ ಹೆಚ್ಚು ಕಂಡದ್ದು ತೂಕ ಹೆಚ್ಚಿರುವ ರೋಗಿಗಳ ವಿಷಯದಲ್ಲಿ. ಈ ಪತ್ರದಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ದಪ್ಪಗಿರುವ ಒಬ್ಬರು ನಿಮ್ಮ ಮುಂದೆ ಕುಳಿತಾಗ, ಅವರು ಯಾವ ತೊಂದರೆ ಹೇಳಿಕೊಂಡು ಬಂದಿದ್ದಾರೋ ಅದನ್ನು ಮೊದಲು ಪೂರ್ತಿ ಕೇಳಿ, ಪರೀಕ್ಷಿಸಿ. ತೂಕದ ಮಾತನ್ನು ಅವರ ಒಪ್ಪಿಗೆ ಪಡೆದು ತೆಗೆಯಿರಿ. ಒಮ್ಮೆ ತೆಗೆದ ಮೇಲೆ ಒಂದು ವಾಕ್ಯಕ್ಕೆ ಮುಗಿಸಿ ಅವರನ್ನು ನಡುದಾರಿಯಲ್ಲಿ ಬಿಡಬೇಡಿ.

ತೂಕದ ಬಗ್ಗೆ ಮಾತಾಡಲೇಬೇಡಿ ಎಂದು ನಾನು ಹೇಳುತ್ತಿಲ್ಲ. ಮಾತಾಡದೆ ಇರುವುದೂ ಅನ್ಯಾಯವೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಅಧ್ಯಯನ 2023ರಲ್ಲಿ ಪ್ರಕಟವಾದಾಗ, ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ, ವಯಸ್ಕರಲ್ಲಿ ಶೇಕಡಾ 39.5ರಷ್ಟು ಮಂದಿಗೆ ಹೊಟ್ಟೆಯ ಸುತ್ತ ಬೊಜ್ಜು ಇದೆ ಎಂಬುದು ತಿಳಿಯಿತು. ನಮ್ಮ ಜನರ ಮೈಕಟ್ಟಿನಲ್ಲಿ ಅಪಾಯ ಬೇಗ ಶುರುವಾಗುತ್ತದೆ ಎಂಬ ಕಾರಣಕ್ಕೇ ಭಾರತೀಯರಿಗೆ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, 23 ದಾಟಿದರೆ ಎಚ್ಚರಿಕೆ, 25 ದಾಟಿದರೆ ಬೊಜ್ಜು ಎಂದು ಗೆರೆ ಹಾಕಲಾಗಿದೆ. ಸೊಂಟದ ಸುತ್ತಳತೆಗೆ ಮಹಿಳೆಯರಲ್ಲಿ 80, ಪುರುಷರಲ್ಲಿ 90 ಸೆಂಟಿಮೀಟರ್ ಮಿತಿಯಾಗಿದೆ. ತೆಳ್ಳಗೆ ಕಾಣುವವರಿಗೂ ಸಕ್ಕರೆ ಕಾಯಿಲೆ ಬರುವ ನಾಡಿನಲ್ಲಿ, ನೋಡಿದೊಡನೆ ದಪ್ಪ ಎನಿಸಿದವರಿಗೆ ಮಾತ್ರ ಉಪದೇಶ, ಉಳಿದವರಿಗೆ ಸುಮ್ಮನೆ ಮಾತ್ರೆ ಎಂಬ ರೂಢಿ ವೈದ್ಯಶಾಸ್ತ್ರದ ದೃಷ್ಟಿಯಿಂದಲೂ ತಪ್ಪು.

ಒಂದು ಪ್ರಸಂಗವನ್ನು ಹೇಳಬೇಕು. ಬಂಟ್ವಾಳದ ಕಡೆಯಿಂದ ಬರುತ್ತಿದ್ದ, ಬೀಡಿ ಕಟ್ಟಿ ಮನೆ ನಡೆಸುವ, ನಲವತ್ತರ ಆಸುಪಾಸಿನ ಒಬ್ಬರು ಸುಸ್ತು, ಏದುಸಿರು, ಮೆಟ್ಟಿಲು ಹತ್ತಿದರೆ ಎದೆ ಡವಗುಟ್ಟುವುದು ಎಂದು ಹೇಳಿಕೊಂಡು ಬಂದಿದ್ದರು. ಅದಕ್ಕೂ ಮೊದಲು ಬೇರೆ ಬೇರೆ ಕಡೆ ತೋರಿಸಿದ್ದರು, ಎಲ್ಲ ಕಡೆಯೂ ಸಿಕ್ಕಿದ್ದು ಒಂದೇ ಉತ್ತರ: ತೂಕ ಇಳಿಸಿ, ತನ್ನಿಂದ ತಾನೇ ಸರಿಯಾಗುತ್ತದೆ. ಕೊನೆಗೆ ರಕ್ತಪರೀಕ್ಷೆ ಮಾಡಿದಾಗ ಹಿಮೋಗ್ಲೋಬಿನ್ ಆತಂಕಪಡುವಷ್ಟು ಕೆಳಗಿತ್ತು. ಗರ್ಭಕೋಶದಲ್ಲಿ ಗಡ್ಡೆ ಇತ್ತು. ಬಹಳ ಕಾಲದಿಂದ ಪ್ರತಿ ತಿಂಗಳೂ ವಿಪರೀತ ರಕ್ತಸ್ರಾವವಾಗುತ್ತಿತ್ತು. ಇದನ್ನು ಮೊದಲೇ ಏಕೆ ಹೇಳಲಿಲ್ಲ ಎಂದು ಕೇಳಿದಾಗ ಅವರು ಕೊಟ್ಟ ಉತ್ತರ ನೇರವಾಗಿತ್ತು: ‘ನಾನು ಬಾಯಿ ತೆರೆಯುವ ಮೊದಲೇ ಅನ್ನದ ವಿಷಯ ಬರುತ್ತದೆ ಸಿಸ್ಟರ್, ಮತ್ತೆ ಎಂತ ಹೇಳುವುದು?’ ಮುಟ್ಟಿನ ಬಗ್ಗೆ ಯಾರೂ ಅವರನ್ನು ಒಂದು ಪ್ರಶ್ನೆ ಕೇಳಿರಲಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡಾ 57ರಷ್ಟು ಮಂದಿಗೆ ರಕ್ತಹೀನತೆ ಇದೆ, ಶೇಕಡಾ 24ರಷ್ಟು ಮಂದಿಗೆ ತೂಕ ಹೆಚ್ಚಿದೆ. ಒಂದೇ ಶರೀರದಲ್ಲಿ ಈ ಎರಡೂ ಇರಬಹುದು ಎಂಬುದು ಯಾವ ವೈದ್ಯರಿಗೂ ತಿಳಿಯದ ಸಂಗತಿಯಲ್ಲ. ಆದರೆ ಕಣ್ಣಿಗೆ ಮೊದಲು ಬೀಳುವುದು ಗಾತ್ರ, ಗಾತ್ರ ಕಂಡ ಕೂಡಲೇ ಕಾರಣ ಸಿಕ್ಕಿತು ಎಂಬ ಸಮಾಧಾನ ಬರುತ್ತದೆ, ಹುಡುಕಾಟ ಅಲ್ಲಿಗೇ ನಿಲ್ಲುತ್ತದೆ. ಆದ್ದರಿಂದ ನನ್ನ ಮೊದಲ ವಿನಂತಿ: ಇದೇ ದೂರಿನೊಂದಿಗೆ ಒಬ್ಬ ತೆಳ್ಳಗಿನ ರೋಗಿ ಬಂದಿದ್ದರೆ ಯಾವ ಪರೀಕ್ಷೆಗಳನ್ನು ಮಾಡಿಸುತ್ತಿದ್ದಿರೋ ಅವನ್ನೇ ಇವರಿಗೂ ಮಾಡಿಸಿ.

ರೋಗಿ ಒಳಗೆ ಬರುವ ಮೊದಲೇ ಆಗುವ ನೋವೂ ಇದೆ. ನಮ್ಮ ಬಹಳಷ್ಟು ಆಸ್ಪತ್ರೆಗಳಲ್ಲಿ ತೂಕದ ಯಂತ್ರ ಇರುವುದು ಜನ ಸಾಲು ನಿಂತಿರುವ ಓಣಿಯಲ್ಲಿ. ತೂಕ ನೋಡಿದವರು ಅದನ್ನು ಬರೆದುಕೊಳ್ಳುವವರಿಗೆ ಕೇಳಿಸಲೆಂದು ಗಟ್ಟಿಯಾಗಿ ಕೂಗುತ್ತಾರೆ, ಅದು ಸಾಲಿನಲ್ಲಿರುವ ಊರವರಿಗೂ ನೆಂಟರಿಗೂ ಕೇಳಿಸುತ್ತದೆ. ನಮ್ಮದು ಎಲ್ಲರಿಗೂ ಎಲ್ಲರೂ ಗೊತ್ತಿರುವ ಊರು. ಒಳಗೆ ಹೋದ ಮೇಲೆ, ಬಿಗಿ ಸಡಿಲಿಸಲೆಂದೋ ಏನೋ, ‘ಎಂತ ಅಕ್ಕ, ಮದುವೆಮನೆ ಊಟ ಜೋರಾ?’ ಎಂಬ ತಮಾಷೆ. ಆ ಅಕ್ಕ ನಗುತ್ತಾರೆ, ಏಕೆಂದರೆ ಡಾಕ್ಟರ ಮುಂದೆ ನಗದೆ ಇರುವುದು ಹೇಗೆಂದು ಅವರಿಗೆ ಗೊತ್ತಿಲ್ಲ. ಮುಂದಿನ ತಿಂಗಳು ಅವರು ಸಕ್ಕರೆ ಪರೀಕ್ಷೆಗೆ ಬರುವುದಿಲ್ಲ. 2020ರ ಮಾರ್ಚ್‌ನಲ್ಲಿ ನೇಚರ್ ಮೆಡಿಸಿನ್ ಪತ್ರಿಕೆಯಲ್ಲಿ ಹಲವು ದೇಶಗಳ ತಜ್ಞರು ಸೇರಿ ಪ್ರಕಟಿಸಿದ ಒಮ್ಮತದ ಹೇಳಿಕೆ ಇದನ್ನೇ ಹೇಳಿತು: ತೂಕದ ಕಾರಣಕ್ಕೆ ಆಗುವ ಅವಹೇಳನ ಜನರ ದೇಹಕ್ಕೂ ಮನಸ್ಸಿಗೂ ಹಾನಿ ಮಾಡುತ್ತದೆ, ಅವರಿಗೆ ಸಿಗಬೇಕಾದ ಚಿಕಿತ್ಸೆಯನ್ನು ತಪ್ಪಿಸುತ್ತದೆ. ನಾಚಿಕೆಪಡಿಸಿದರೆ ಛಲ ಹುಟ್ಟಿ ತೂಕ ಇಳಿಸುತ್ತಾರೆ ಎಂಬ ನಂಬಿಕೆಗೆ ಆಧಾರವಿಲ್ಲ.

ಇದರ ಹಿಂದಿರುವುದು ಇನ್ನೊಂದು ನಂಬಿಕೆ, ತೂಕ ಎಂಬುದು ಪೂರ್ತಿ ಮನಸ್ಸಿನ ಹಿಡಿತದಲ್ಲಿದೆ ಎಂಬುದು. ಇದನ್ನು ನಿಮಗೆ ವಿವರಿಸುವ ಯೋಗ್ಯತೆ ನನಗಿಲ್ಲ. ನೀವೇ ಓದಿದ್ದನ್ನು ರೋಗಿಗೂ ಹೇಳಿ ಎಂಬುದಷ್ಟೇ ನನ್ನ ಮಾತು. ಕೊಬ್ಬಿನ ಅಂಗಾಂಶವೇ ಮಿದುಳಿಗೆ ಸಂದೇಶ ಕಳಿಸುತ್ತದೆ ಎಂಬುದು 1994ರಲ್ಲಿ ಲೆಪ್ಟಿನ್ ಎಂಬ ಹಾರ್ಮೋನು ಪತ್ತೆಯಾದಾಗ ಸ್ಪಷ್ಟವಾಯಿತು. ಆಹಾರ ಕಡಿಮೆ ಮಾಡಿ ತೂಕ ಇಳಿಸಿಕೊಂಡವರಲ್ಲಿ ಹಸಿವಿನ ಹಾರ್ಮೋನುಗಳು ಒಂದು ವರ್ಷದ ನಂತರವೂ ಮೊದಲಿನ ಸ್ಥಿತಿಗೆ ಮರಳಿರಲಿಲ್ಲ ಎಂದು 2011ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ತೋರಿಸಿದರು. ಅಂದರೆ ಕಷ್ಟಪಟ್ಟು ಇಳಿಸಿದ ತೂಕವನ್ನು ಮರಳಿ ಪಡೆಯಲು ಶರೀರವೇ ಹಸಿವನ್ನು ಹೆಚ್ಚಿಸುತ್ತದೆ, ಶಕ್ತಿಯ ಖರ್ಚನ್ನು ಕಡಿಮೆ ಮಾಡುತ್ತದೆ. ಐದು ಕಿಲೋ ಇಳಿಸಿ ಆರು ಕಿಲೋ ಏರಿಸಿಕೊಂಡು ಬಂದ ರೋಗಿಗೆ ‘ನಿಮಗೆ ಮನಸ್ಸಿಲ್ಲ’ ಎಂದು ಹೇಳುವ ಬದಲು ಈ ಎರಡು ವಾಕ್ಯಗಳನ್ನು ಹೇಳಿ ನೋಡಿ. ತಾನು ಸೋಮಾರಿಯಲ್ಲ ಎಂದು ವೈದ್ಯರ ಬಾಯಿಯಿಂದ ಕೇಳಿದ ಮನುಷ್ಯ ಮುಂದಿನ ಮಾತನ್ನು ಗಮನವಿಟ್ಟು ಕೇಳುತ್ತಾನೆ. ಇದನ್ನು ನಾನು ನಮ್ಮ ಹಿರಿಯ ವೈದ್ಯರೊಬ್ಬರ ಕೊಠಡಿಯಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ. ಅವರ ಬಳಿ ಬಂದ ರೋಗಿಗಳು ಮರಳಿ ಬರುತ್ತಿದ್ದರು.

ಆ ವೈದ್ಯರು ಮಾಡುತ್ತಿದ್ದುದು ಬಹಳ ಸರಳ. ‘ನಿಮ್ಮ ಗಂಟುನೋವಿಗೆ ಮದ್ದು ಬರೆದಿದ್ದೇನೆ ಅಮ್ಮ. ತೂಕದ ವಿಷಯವೂ ಸ್ವಲ್ಪ ಮಾತಾಡಬಹುದಾ? ಇವತ್ತು ಬೇಡ ಅಂದರೆ ಮುಂದಿನ ಸಲ ಮಾತಾಡುವ.’ ಮದ್ದು ಮೊದಲು, ಮಾತು ಆಮೇಲೆ, ಅದೂ ಕೇಳಿ. ಬೇಡ ಎಂದವರು ನನ್ನ ನೆನಪಿನಲ್ಲಿ ಬಹಳ ಕಡಿಮೆ. ಕೆನಡಾದ ವೈದ್ಯರು 2020ರಲ್ಲಿ ಹೊರತಂದ ಬೊಜ್ಜಿನ ಚಿಕಿತ್ಸಾ ಮಾರ್ಗಸೂಚಿಯಲ್ಲಿಯೂ ಮೊದಲ ಹೆಜ್ಜೆ ಇದೇ, ಮಾತಾಡಲು ರೋಗಿಯ ಅನುಮತಿ ಕೇಳುವುದು. ಆಮೇಲೆ ಅವರ ಕಥೆ ಕೇಳಬೇಕು: ತೂಕ ಯಾವಾಗ ಏರಲು ಶುರುವಾಯಿತು, ಹೆರಿಗೆಯ ನಂತರವೋ, ಕೆಲಸ ಬದಲಾದಾಗಲೋ, ಯಾವುದಾದರೂ ದುಃಖದ ನಂತರವೋ, ಈಗಾಗಲೇ ಏನೇನು ಪ್ರಯತ್ನಿಸಿದ್ದಾರೆ, ಅವರಿಗೆ ನಿಜವಾಗಿ ಬೇಕಾಗಿರುವುದು ಏನು. ಒಬ್ಬರಿಗೆ ಮಗಳ ಮದುವೆಯ ದಿನ ಮಂಡಿನೋವಿಲ್ಲದೆ ಓಡಾಡಬೇಕು, ಇನ್ನೊಬ್ಬರಿಗೆ ದೇವಸ್ಥಾನದಲ್ಲಿ ನೆಲದ ಮೇಲೆ ಪಂಕ್ತಿಯಲ್ಲಿ ಕುಳಿತು ಏಳುವಂತಾಗಬೇಕು. ವೈದ್ಯರ ಗುರಿ ಕಿಲೋಗ್ರಾಂನಲ್ಲಿದ್ದರೆ ರೋಗಿಯ ಗುರಿ ಸಾಮಾನ್ಯವಾಗಿ ಇಂಥದ್ದರಲ್ಲಿರುತ್ತದೆ, ಬದಲಾವಣೆಯ ಬಲ ಬರುವುದೂ ಅಲ್ಲಿಂದಲೇ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1983ರಲ್ಲಿ ಕುಡಿತದ ಚಿಕಿತ್ಸೆಗಾಗಿ ರೂಪಿಸಲಾರಂಭಿಸಿದ ಸಂವಾದದ ಕ್ರಮ, ಮೋಟಿವೇಷನಲ್ ಇಂಟರ್‌ವ್ಯೂಯಿಂಗ್ ಎಂದು ನೀವು ಓದಿರುವುದು, ಹೇಳುವುದೂ ಇದನ್ನೇ: ಬದಲಾಗಬೇಕಾದ ಕಾರಣಗಳನ್ನು ವೈದ್ಯರು ಪಟ್ಟಿ ಮಾಡುವುದಕ್ಕಿಂತ ರೋಗಿಯ ಬಾಯಿಯಿಂದಲೇ ಬರುವಂತೆ ಮಾಡುವುದು ಲೇಸು.

ಈಗ ಸಲಹೆಯ ಮಾತಿಗೆ ಬರುತ್ತೇನೆ, ಇಲ್ಲಿ ನನಗೆ ಹೇಳಲು ಹೆಚ್ಚಿದೆ. ‘ಅನ್ನ ಬಿಡಿ, ಚಪಾತಿ ತಿನ್ನಿ, ದಿನಾ ಒಂದು ಗಂಟೆ ನಡೆಯಿರಿ’ ಎಂಬ ಮೂರು ತುಂಡುಗಳಲ್ಲಿ ಕರಾವಳಿಯ ಸಾವಿರಾರು ಜನರ ಸಮಾಲೋಚನೆ ಮುಗಿದುಹೋಗುತ್ತದೆ. ಅಕ್ಕಿಯಾಗಲಿ ಗೋಧಿಯಾಗಲಿ ನೂರು ಗ್ರಾಂ ಧಾನ್ಯದಲ್ಲಿ ಸಿಗುವ ಶಕ್ತಿ ಹೆಚ್ಚುಕಡಿಮೆ ಒಂದೇ, ಸುಮಾರು 340–350 ಕಿಲೋಕ್ಯಾಲರಿ. ಕುಚ್ಚಲಕ್ಕಿ ಗಂಜಿಯಲ್ಲಿ ಬೆಳೆದ ಮನುಷ್ಯನಿಗೆ ಅನ್ನವನ್ನೇ ಬಿಡಿಸಿ ಎಣ್ಣೆ ಸವರಿದ ನಾಲ್ಕು ಚಪಾತಿ ತಿನ್ನಿಸುವುದರಿಂದ ಆಗುವ ಲಾಭ ಏನು? ಅದರ ಬದಲು ಬಟ್ಟಲಿನಲ್ಲಿ ಅನ್ನ ಎಷ್ಟಿದೆ, ಪಲ್ಯ ಎಷ್ಟಿದೆ, ಬಂಗುಡೆ ಸಾರಿನಲ್ಲಿ ಬೇಯುತ್ತದೋ ಎಣ್ಣೆಯಲ್ಲಿ ಹುರಿಯುತ್ತದೋ, ಸಂಜೆಯ ಚಹಾದ ಜೊತೆ ಗೋಳಿಬಜೆ, ಬನ್ಸ್ ವಾರಕ್ಕೆ ಎಷ್ಟು ಸಲ, ಚಹಾಕ್ಕೆ ಸಕ್ಕರೆ ಎಷ್ಟು ಎಂದು ಕೇಳಿ, ಅದರಲ್ಲಿ ಒಂದನ್ನು ಅವರೇ ಆರಿಸಿ ಬದಲಿಸುವಂತೆ ಒಪ್ಪಿಸಿದರೆ, ಅದು ಮನೆಯಲ್ಲಿ ನಡೆಯುವ ಸಲಹೆಯಾಗುತ್ತದೆ. ಅಡುಗೆ ಯಾರು ಮಾಡುತ್ತಾರೆ ಎಂಬ ಪ್ರಶ್ನೆಯೂ ಬೇಕು. ಸೊಸೆಗೆ ಆಹಾರಪಟ್ಟಿ ಕೊಟ್ಟು ಕಳಿಸಿದರೆ, ಒಲೆ ಅತ್ತೆಯ ಕೈಯಲ್ಲಿರುವ ಮನೆಯಲ್ಲಿ ಆ ಪಟ್ಟಿಯಿಂದ ಆಗುವುದು ಜಗಳ ಮಾತ್ರ. ಬಾಣಂತನದ ತಿಂಗಳುಗಳಲ್ಲಿ ತುಪ್ಪ, ಲೇಹ ತಿನ್ನಿಸಿ ಮಂಚದಿಂದ ಇಳಿಯಬೇಡ ಎಂದ ಮನೆಯವರೇ ಆರು ತಿಂಗಳ ಮೇಲೆ ‘ಇವಳು ಎಷ್ಟು ದಪ್ಪ ಆದಳು’ ಎನ್ನುವಾಗ, ವೈದ್ಯರೂ ಆ ಸಾಲಿಗೆ ಸೇರಿಕೊಳ್ಳಬಾರದು.

ನಡೆಯಿರಿ ಎನ್ನುವುದು ಸರಿಯೇ. ಎಲ್ಲಿ ನಡೆಯುವುದು? ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಊರಿದು. ಹೆದ್ದಾರಿ 66ರ ಬದಿಯಲ್ಲಿ ಮನೆ ಇರುವವರಿಗೆ ಅನೇಕ ಕಡೆ ಕಾಲುದಾರಿಯೇ ಇಲ್ಲ. ಬೆಳಗ್ಗಿನಿಂದ ಬೀಡಿ ಕಟ್ಟಿ, ಸಂಜೆ ಬೀಡಿ ಕಂಪನಿಯ ಬ್ರಾಂಚಿಗೆ ಕೊಟ್ಟು ಬಂದು, ಅಡುಗೆಗೆ ನಿಲ್ಲುವ ಹೆಂಗಸಿಗೆ ಒಂದು ಗಂಟೆ ಎಂಬುದೇ ಇಲ್ಲ. ಗೇರುಬೀಜ ಕಾರ್ಖಾನೆಯಲ್ಲಿ ಕುಳಿತು ದುಡಿಯುವವರ ಕಥೆಯೂ ಇದೇ. ಅವರಿಗೆ ಕಟ್ಟಿನ ನಡುವೆ ಎದ್ದು ಅಂಗಳಕ್ಕೆ ನಾಲ್ಕು ಸುತ್ತು ಹಾಕುವುದು, ಮಳೆಯ ದಿನ ಜಗಲಿಯಲ್ಲಿಯೇ ಹತ್ತು ನಿಮಿಷ ಓಡಾಡುವುದು ಎಂದು ಹೇಳಿದರೆ ಮಾಡುತ್ತಾರೆ. ಚೆನ್ನೈಯಲ್ಲಿ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ನಡೆಸಿ 2006ರಲ್ಲಿ ಪ್ರಕಟಿಸಿದ ಭಾರತೀಯ ಮಧುಮೇಹ ತಡೆ ಅಧ್ಯಯನದಲ್ಲಿ, ಆಹಾರ ಮತ್ತು ನಡಿಗೆಯ ಬದಲಾವಣೆ ಮಾಡಿಕೊಂಡವರಲ್ಲಿ ಮಧುಮೇಹದ ಅಪಾಯ ಶೇಕಡಾ 28.5ರಷ್ಟು ತಗ್ಗಿತು, ಅದೂ ಹೇಳಿಕೊಳ್ಳುವಂಥ ತೂಕ ಇಳಿಯದೆಯೇ. ನನ್ನ ದೃಷ್ಟಿಯಲ್ಲಿ ಇದು ಪ್ರತಿಯೊಬ್ಬ ರೋಗಿಗೂ ತಿಳಿಸಬೇಕಾದ ಸಂಗತಿ. ತಿಂಗಳ ಕೊನೆಗೆ ಯಂತ್ರದ ಮುಳ್ಳು ಅಲ್ಲಾಡಲಿಲ್ಲ ಎಂದು ಎಲ್ಲವನ್ನೂ ಕೈಬಿಡುವವರಿಗೆ, ನೀವು ಪಟ್ಟ ಶ್ರಮ ಒಳಗೆ ಕೆಲಸ ಮಾಡಿದೆ ಎಂದು ಹೇಳುವ ಅವಕಾಶ ಇದರಲ್ಲಿದೆ.

ರೋಗಿಯ ಮದ್ದಿನ ಚೀಟಿಯನ್ನೂ ಒಮ್ಮೆ ನೋಡಬೇಕು. ಮನಸ್ಸಿನ ಕಾಯಿಲೆಗೂ ಅಪಸ್ಮಾರಕ್ಕೂ ಕೊಡುವ ಒಲಾಂಜಪಿನ್, ವಾಲ್ಪ್ರೋಯೇಟ್, ಅಮಿಟ್ರಿಪ್ಟಿಲಿನ್‌ನಂಥ ಮದ್ದುಗಳು, ಸ್ಟೀರಾಯ್ಡ್, ಇನ್ಸುಲಿನ್, ಸಲ್ಫೊನೈಲ್ಯೂರಿಯಾ ಗುಂಪಿನ ಸಕ್ಕರೆ ಮಾತ್ರೆಗಳು ತೂಕ ಏರಿಸಬಲ್ಲವು. ಬರೆದವರು ನಾವೇ, ಏರಿದ ಮೇಲೆ ಬೈಯುವವರೂ ನಾವೇ ಎಂದಾಗಬಾರದು. ಹಾಗೆಂದು ರೋಗಿಗಳು ಈ ಮದ್ದುಗಳನ್ನು ತಾವಾಗಿ ನಿಲ್ಲಿಸಬಾರದು. ಇದನ್ನು ಈ ಪತ್ರ ಓದುತ್ತಿರುವ ಎಲ್ಲರಿಗೂ ಒತ್ತಿ ಹೇಳುತ್ತೇನೆ. ಥೈರಾಯ್ಡ್, ಅಂಡಾಶಯದ ಹಾರ್ಮೋನು ತೊಂದರೆಯಾದ ಪಿಸಿಓಎಸ್, ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆ ಇವುಗಳ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ.

ರಕ್ತದೊತ್ತಡ ಅಳೆಯಲು ತೋಳಿಗೆ ಸುತ್ತುವ ಪಟ್ಟಿಯ ವಿಷಯ ಮಾತ್ರ ಬಿಡಲಾರೆ. ದಪ್ಪ ತೋಳಿಗೆ ಸಾಮಾನ್ಯ ಅಳತೆಯ ಪಟ್ಟಿ ಬಿಗಿದರೆ ಒತ್ತಡ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಅಮೆರಿಕದ ಬಾಲ್ಟಿಮೋರಿನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅತಿ ದೊಡ್ಡ ಪಟ್ಟಿ ಬೇಕಾದವರಿಗೆ ಸಾಮಾನ್ಯ ಪಟ್ಟಿ ಕಟ್ಟಿದಾಗ ಮೇಲಿನ ಒತ್ತಡ ಸರಾಸರಿ 19.5 ಮಿಲಿಮೀಟರ್ ಪಾದರಸದಷ್ಟು ಹೆಚ್ಚು ಬಂತು. ಅಂದರೆ ಒತ್ತಡ ಸರಿಯಾಗಿಯೇ ಇರುವವರಿಗೆ ನಾವು ಬಿಪಿ ರೋಗಿಯೆಂಬ ಹಣೆಪಟ್ಟಿ ಹಚ್ಚಿ ಮಾತ್ರೆ ಬರೆದುಬಿಡಬಹುದು. ಎಷ್ಟು ಕ್ಲಿನಿಕ್‌ಗಳ ಮೇಜಿನ ಮೇಲೆ ದೊಡ್ಡ ಪಟ್ಟಿ ಇದೆ ಎಂದು ದಯವಿಟ್ಟು ನೀವೇ ನೋಡಿಕೊಳ್ಳಿ. ಕೈಗಳಿಲ್ಲದ ಅಗಲ ಕುರ್ಚಿ, ಮೈ ಮುಚ್ಚುವಷ್ಟು ದೊಡ್ಡ ಗೌನು, ಭಾರ ತಾಳುವ ಪರೀಕ್ಷೆಯ ಮಂಚ ಇವೂ ಸಂವಹನವೇ. ಯಾರೂ ಬಾಯಿ ತೆರೆಯುವ ಮೊದಲೇ ಈ ವಸ್ತುಗಳು ರೋಗಿಗೆ ತನ್ನ ಬರುವಿಕೆಯನ್ನು ಇಲ್ಲಿ ನಿರೀಕ್ಷಿಸಿದ್ದಾರೋ ಇಲ್ಲವೋ ಎಂದು ತಿಳಿಸುತ್ತವೆ.

ಮಕ್ಕಳ ಬಗ್ಗೆ ಒಂದು ಮಾತು. ಮಗುವಿನ ಎದುರಿಗೆ ತಾಯಿಯನ್ನು ಗದರಿಸಬೇಡಿ, ತಾಯಿಯ ಎದುರಿಗೆ ಮಗುವಿನ ಹೊಟ್ಟೆ ಚಿವುಟಿ ನಗಬೇಡಿ. ಹನ್ನೆರಡರ ಹುಡುಗಿಗೆ ವೈದ್ಯರು ಹೇಳಿದ ಒಂದು ಮಾತು ಅವಳು ಊಟದ ತಟ್ಟೆಯನ್ನು ನೋಡುವ ರೀತಿಯನ್ನೇ ಬದಲಿಸಬಲ್ಲದು. ಇಡೀ ಮನೆಗೆ ಅನ್ವಯಿಸುವಂತೆ ಮಾತಾಡಿ: ಮನೆಗೆ ತಂಪು ಪಾನೀಯದ ಬಾಟಲಿ ತರುವುದು ಕಡಿಮೆ ಮಾಡುವ, ಎಲ್ಲರೂ ಸಂಜೆ ಅಂಗಳದಲ್ಲಿ ಆಡುವ ಎಂದು. ಒಂದೇ ಮಗುವನ್ನು ಬೆರಳು ಮಾಡಿ ತೋರಿಸುವುದು ಬೇಡ.

2025ರಿಂದ ತಿರ್ಜೆಪಟೈಡ್, ಸೆಮಾಗ್ಲುಟೈಡ್ ಚುಚ್ಚುಮದ್ದುಗಳು ತೂಕ ಇಳಿಸಲೆಂದೇ ನಮ್ಮ ದೇಶದ ಮಾರುಕಟ್ಟೆಗೂ ಬಂದಿವೆ. ಇವುಗಳ ಬಗ್ಗೆ ಕೇಳುವಾಗ ರೋಗಿಗಳು ಕಳ್ಳತನ ಒಪ್ಪಿಕೊಳ್ಳುವವರಂತೆ ತಗ್ಗಿದ ದನಿಯಲ್ಲಿ ಕೇಳುತ್ತಾರೆ, ಏಕೆಂದರೆ ಅದು ಅಡ್ಡದಾರಿ ಎಂದು ಅವರಿಗೆ ಯಾರೋ ಹೇಳಿದ್ದಾರೆ. ಬಿಪಿ ಮಾತ್ರೆಯನ್ನು ನಾವು ಅಡ್ಡದಾರಿ ಎನ್ನುವುದಿಲ್ಲ. ಯಾರಿಗೆ ಸಲ್ಲುತ್ತದೆ, ಯಾರಿಗೆ ಸಲ್ಲದು, ಎಷ್ಟು ಖರ್ಚು, ಅಡ್ಡಪರಿಣಾಮಗಳೇನು ಎಂದು ಬಿಡಿಸಿ ಹೇಳಿ. ಸೆಮಾಗ್ಲುಟೈಡ್ ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದ ತೂಕದ ಮೂರನೇ ಎರಡು ಭಾಗ ಮರಳಿ ಬಂದದ್ದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡಿದೆ; ಸಾಲ ಮಾಡಿ ಮೂರು ತಿಂಗಳು ಚುಚ್ಚಿಸಿಕೊಳ್ಳಲು ಹೊರಟವರಿಗೆ ಇದನ್ನು ಮೊದಲೇ ತಿಳಿಸುವುದು ವೈದ್ಯರ ಕರ್ತವ್ಯ.

ಸಮಯವೆಲ್ಲಿದೆ ಎಂದು ನೀವು ಕೇಳುತ್ತೀರಿ. ಆ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಬೆಳಗ್ಗೆ ಒಂಬತ್ತಕ್ಕೆ ಕುಳಿತ ವೈದ್ಯರು ಮಧ್ಯಾಹ್ನ ಮೂರಕ್ಕೂ ಊಟಕ್ಕೆ ಏಳದೆ ಇದ್ದುದನ್ನು ಕಂಡವಳು ನಾನು. ಆದರೆ ಅನುಮತಿ ಕೇಳಲು ಅರ್ಧ ನಿಮಿಷ ಸಾಕು, ಉಳಿದದ್ದನ್ನು ಒಂದೇ ದಿನ ಮುಗಿಸಬೇಕಾಗಿಯೂ ಇಲ್ಲ. ತರಬೇತಿ ಪಡೆದ ಶುಶ್ರೂಷಕಿ, ಆಹಾರತಜ್ಞೆ, ಆಪ್ತಸಮಾಲೋಚಕಿ ಈ ಕೆಲಸದ ಬಹುಭಾಗವನ್ನು ಮಾಡಬಲ್ಲರು. ಅವರ ಬಳಿಗೆ ಕಳಿಸುವಾಗ ‘ಇವರ ಹತ್ತಿರ ಮಾತಾಡಿ, ತಿಂಗಳು ಬಿಟ್ಟು ನನಗೆ ತೋರಿಸಿ’ ಎಂದು ವೈದ್ಯರೇ ಬಾಯಿಬಿಟ್ಟು ಹೇಳಿದರೆ ಅದಕ್ಕೆ ತೂಕ ಬರುತ್ತದೆ.

ಕಾಲೇಜುಗಳ ಮುಖ್ಯಸ್ಥರಲ್ಲಿ ನನ್ನ ಕೋರಿಕೆ ಇದು. 1950ರ ದಶಕದಲ್ಲಿ ಮಣಿಪಾಲದಲ್ಲಿ ಖಾಸಗಿ ವೈದ್ಯಕೀಯ ಕಾಲೇಜು ಶುರುವಾದಂದಿನಿಂದ ಈ ಕರಾವಳಿ ವೈದ್ಯರನ್ನು ತಯಾರಿಸಿ ಜಗತ್ತಿಗೆ ಕಳಿಸುತ್ತಿದೆ. 2019ರಿಂದ ಎಂಬಿಬಿಎಸ್ ಪಠ್ಯಕ್ರಮದಲ್ಲಿ ಏಟ್‌ಕಾಮ್ ಹೆಸರಿನಲ್ಲಿ ವರ್ತನೆ, ನೀತಿ ಮತ್ತು ಸಂವಹನದ ಪಾಠ ಕಡ್ಡಾಯವಾಗಿದೆ. ಆ ತರಗತಿಗಳಲ್ಲಿ ಸಾವಿನ ಸುದ್ದಿ ತಿಳಿಸುವುದನ್ನು ಕಲಿಸುವಷ್ಟೇ ಎಚ್ಚರದಿಂದ ತೂಕದ ಮಾತನ್ನು ತೆಗೆಯುವುದನ್ನೂ ಕಲಿಸಿ, ಅದೂ ರೋಗಿಗಳ ಭಾಷೆಯಲ್ಲಿ. ಹೊರರಾಜ್ಯಗಳಿಂದ ಬಂದ ವಿದ್ಯಾರ್ಥಿಗಳು ಕಲಿಯುವ ಹತ್ತಾರು ತುಳು, ಕನ್ನಡ ವಾಕ್ಯಗಳಲ್ಲಿ ‘ತೂಕ ಜಾಸ್ತಿ, ಊಟ ಕಮ್ಮಿ ಮಾಡಿ’ ಎಂಬುದೂ ಒಂದು. ಅದರ ಜಾಗದಲ್ಲಿ ಒಪ್ಪಿಗೆ ಕೇಳುವ ವಾಕ್ಯವನ್ನು ಕಲಿಸಲು ಹೆಚ್ಚು ಶ್ರಮ ಬೇಡ. ತುಳು, ಕೊಂಕಣಿ, ಬ್ಯಾರಿ ಮಾತಾಡುವ ರೋಗಿಗಳನ್ನೇ ತರಗತಿಗೆ ಕರೆಸಿ, ಆಸ್ಪತ್ರೆಯಲ್ಲಿ ತಮಗಾದ ಅನುಭವವನ್ನು ಅವರ ಬಾಯಿಯಿಂದಲೇ ಹೇಳಿಸಿ.

ಆರೋಗ್ಯಾಧಿಕಾರಿಗಳಲ್ಲಿಯೂ ಒಂದು ವಿನಂತಿ ಇದೆ. ಆಶಾ ಕಾರ್ಯಕರ್ತೆಯರು ಮೂವತ್ತು ದಾಟಿದವರ ಮನೆಗೆ ಹೋಗಿ ಸೊಂಟದ ಸುತ್ತಳತೆ ತೆಗೆದು ನಮೂನೆಯಲ್ಲಿ ಅಂಕ ಹಾಕುತ್ತಾರೆ. ಮನೆಮಂದಿಯೆಲ್ಲ ನೋಡುತ್ತಿರುವಾಗ ಟೇಪು ಸುತ್ತುವುದು ಬೇಡ, ಒಳಕೋಣೆಯಲ್ಲಿ ಅಳೆಯಿರಿ, ಅಳತೆ ಏಕೆ ಎಂದು ಮೊದಲು ತಿಳಿಸಿ ಎಂದು ಅವರ ತರಬೇತಿಯಲ್ಲಿ ಸೇರಿಸಬೇಕು. ಎರಡೂ ಜಿಲ್ಲೆಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತೂಕದ ಯಂತ್ರವನ್ನು ಪರದೆಯ ಹಿಂದಕ್ಕೆ ಸರಿಸುವುದಕ್ಕೆ ಹಣವೂ ಬೇಡ, ಆದೇಶ ಸಾಕು. ದೊಡ್ಡ ಅಳತೆಯ ಬಿಪಿ ಪಟ್ಟಿಗೆ ತಗಲುವ ಖರ್ಚು ಅತ್ಯಲ್ಪ. ಇವೆರಡನ್ನು ಬರುವ ಮಳೆಗಾಲದೊಳಗೆ ಮಾಡಿಸಿಕೊಡಬೇಕೆಂದು ಕೋರುತ್ತೇನೆ. ತರಗತಿಗಳಿಗಾಗಲಿ ಆಶಾ ತರಬೇತಿಗಾಗಲಿ ಕರೆದರೆ ನಾನು ಬರಲು ಸಿದ್ಧಳಿದ್ದೇನೆ, ನನ್ನ ಜೊತೆಗೆ ಬಂದು ಮಾತಾಡಲು ಒಪ್ಪಿರುವ ರೋಗಿಗಳೂ ಇದ್ದಾರೆ.

ಗೌರವಗಳೊಂದಿಗೆ,
ಒಬ್ಬ ನಿವೃತ್ತ ಶುಶ್ರೂಷಕಿ
ಉಡುಪಿ ಜಿಲ್ಲೆ